ಗೋಡೆಯ ಮೇಲಿನ ಡಿಗ್ರಿ, ಮೊಬೈಲಿನೊಳಗಿನ ನೌಕರಿ

ನಮ್ಮ ಮಾಜಿವಾಡಾದ ಕಡೆ ಕನ್ನಡದವರ ಮನೆಗೆ ಹೋಗಿ ನೋಡಿ. ಹಾಲಿನ ಗೋಡೆಯ ಮೇಲೆ ಊರಿನ ದೇವಸ್ಥಾನದ ಕ್ಯಾಲೆಂಡರಿನ ಪಕ್ಕದಲ್ಲೇ ಕಪ್ಪು ಗೌನು ತೊಟ್ಟು, ಚೌಕದ ಟೊಪ್ಪಿ ಇಟ್ಟುಕೊಂಡ ಮಗನದೋ ಮಗಳದೋ ಫೋಟೋ ತೂಗುತ್ತಿರುತ್ತದೆ. ಬಂದವರಿಗೆ ಚಹಾ ಬರುವ ಮೊದಲೇ ಅದರ ಪರಿಚಯ ಆಗಿಬಿಡುತ್ತದೆ. ಈಗೀಗ ಅದೇ ಫೋಟೋ, ಜೊತೆಗೆ ಪದವಿ ಪ್ರಮಾಣಪತ್ರದ ಫೋಟೋ ಕೂಡ, ಅದೇ ದಿನ ಸಂಜೆಯೊಳಗೆ ಫೇಸ್‌ಬುಕ್ಕಿಗೂ ಕುಟುಂಬದ ವಾಟ್ಸಾಪ್ ಗುಂಪಿಗೂ ಹೋಗುತ್ತದೆ. ಪೂರ್ತಿ ಹೆಸರು, ಸೀಟ್ ನಂಬರು, ಕಾಲೇಜಿನ ಹೆಸರು ಎಲ್ಲ ಸ್ಪಷ್ಟವಾಗಿ ಓದಲು ಬರುವಂತೆ.

ಈ ಹೆಮ್ಮೆಯನ್ನು ಕಂಡು ನಗುವವನು ನಾನಲ್ಲ. 1974ರಲ್ಲಿ ಊರಿನಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಕಪ್ ಬಸಿ ತೊಳೆಯಲು ನಿಂತಾಗ ನನಗೆ ಹದಿನಾಲ್ಕು ವರ್ಷ. ಆಗ ನಮ್ಮಂಥ ಹುಡುಗರಿಗೆ ಮುಂಬಯಿಯಲ್ಲಿ ಮೇಲೆ ಬರಲು ಇದ್ದ ದಾರಿ ರಾತ್ರಿ ಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ನಮ್ಮವರ ಸಂಸ್ಥೆಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಎಷ್ಟು ಸಾವಿರ ಹೋಟೆಲ್ ಹುಡುಗರು ಮೆಟ್ರಿಕ್ ಮುಗಿಸಿದರೋ ಲೆಕ್ಕ ಇಟ್ಟವರಿಲ್ಲ. ಅಲ್ಲಿಂದ ಮುಂದಕ್ಕೆ ಸಿದ್ಧಾರ್ಥ ಕಾಲೇಜು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ಆರಂಭಿಸಿದ ಆ ಕಾಲೇಜಿನಲ್ಲಿ ಕೆಲಸಕ್ಕೆ ಹೋಗುವವರಿಗೆಂದೇ ಬೆಳಗಿನ ತರಗತಿಗಳಿದ್ದವು. ಬೆಳಗ್ಗೆ ಪಾಠ ಕೇಳಿ, ಹತ್ತು ಗಂಟೆಯೊಳಗೆ ಡ್ಯೂಟಿಗೆ ಹಾಜರಾಗಬಹುದಿತ್ತು. ತರಗತಿಯಲ್ಲಿ ಅರ್ಧ ಜನ ತೂಕಡಿಸುತ್ತಿದ್ದೆವು. ಪಾಠ ಮಾಡುವವರು ಬೈಯುತ್ತಿರಲಿಲ್ಲ.

1984ರಲ್ಲಿ ನನ್ನ ಕೈಗೆ ಬಿ.ಎ. ಡಿಗ್ರಿ ಬಂತು. ಆಮೇಲೆ ವಾಗ್ಳೆ ಎಸ್ಟೇಟಿನ ಒಂದು ಇಂಜಿನಿಯರಿಂಗ್ ಕಂಪನಿಯ ಪರ್ಸೊನೆಲ್ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ನಿವೃತ್ತಿಯ ತನಕ ಇದ್ದೆ. ಮೂವತ್ತು ಚಿಲ್ಲರೆ ವರ್ಷ ನಾನು ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ: ಬೇರೆಯವರ ಡಿಗ್ರಿ ನೋಡುವುದು. ಆದ್ದರಿಂದ ಡಿಗ್ರಿಯ ಬೆಲೆ ಎಷ್ಟು ಎಂಬ ಈಗಿನ ಚರ್ಚೆಯಲ್ಲಿ ಒಂದೆರಡು ಮಾತು ಆಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಈಗಿನ ರೀಲ್ಸುಗಳಲ್ಲಿ ದಿನಕ್ಕೊಬ್ಬರು ಬಂದು "ಡಿಗ್ರಿ ಬರೀ ಕಾಗದ, ಸ್ಕಿಲ್ ಮುಖ್ಯ" ಎಂದು ಹೇಳಿ ಹೋಗುತ್ತಾರೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರ ಹತ್ತಿರ ಡಿಗ್ರಿ ಇರುತ್ತದೆ ಎಂಬುದು ಬೇರೆ ಮಾತು. ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಇಂದಿಗೂ ಪದವೀಧರರೇ ಆಗಬೇಕು. ಯುಪಿಎಸ್‌ಸಿಯ ಸಿವಿಲ್ ಸರ್ವಿಸಸ್‌ಗೂ ಅಷ್ಟೇ. ನಮ್ಮ ಕಂಪನಿಯಲ್ಲಿ ಗುಮಾಸ್ತ ಹುದ್ದೆಯಿಂದ ಆಫೀಸರ್ ಹುದ್ದೆಗೆ ಹೋಗಲು ಇದ್ದ ಗೋಡೆಯಲ್ಲಿ ಒಂದೇ ಬಾಗಿಲು, ಅದರ ಕೀಲಿಕೈ ಡಿಗ್ರಿ. ಕೆಲಸ ಬಲ್ಲವರು, ನನಗಿಂತ ಜಾಣರು, ಆ ಬಾಗಿಲಿನ ಈಚೆಯೇ ನಿವೃತ್ತರಾದದ್ದನ್ನು ನಾನು ನೋಡಿದ್ದೇನೆ. ಅದು ನ್ಯಾಯವೇ ಎಂದು ಕೇಳಿದರೆ ಅಲ್ಲ. ಆದರೆ ಇದ್ದದ್ದು ಹಾಗೆ, ಬಹುಮಟ್ಟಿಗೆ ಇರುವುದೂ ಹಾಗೆ.

ಆದರೂ ಕಾಗದ ಕಾಗದವೇ. ಅದಕ್ಕೆ ಬೆಲೆ ಬರುವುದು ಅದರ ಹಿಂದೆ ಒಂದು ಕಚೇರಿ ಇರುವುದರಿಂದ. ನಾನು ಒಬ್ಬ ಅಭ್ಯರ್ಥಿಯ ಸರ್ಟಿಫಿಕೇಟಿನ ಜೆರಾಕ್ಸ್ ಕಳುಹಿಸಿ "ಇವರು ನಿಮ್ಮಲ್ಲಿ ಪಾಸಾದದ್ದು ಹೌದೇ?" ಎಂದು ಮುಂಬಯಿ ವಿಶ್ವವಿದ್ಯಾಲಯಕ್ಕೆ ಬರೆದರೆ, ಕಲೀನಾದ ಪರೀಕ್ಷಾ ವಿಭಾಗದಲ್ಲಿ ಯಾರೋ ಒಬ್ಬರು ರಿಜಿಸ್ಟರ್ ತೆಗೆದು ನೋಡಿ ಉತ್ತರ ಕೊಡುತ್ತಿದ್ದರು. ಮೂರು ವಾರ ಆಗಬಹುದು, ಎರಡು ತಿಂಗಳೂ ಆಗಬಹುದು. 1857ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ನಿಧಾನದ ಬಗ್ಗೆ ಪುಸ್ತಕವನ್ನೇ ಬರೆಯಬಹುದು. 2017ರಲ್ಲಿ ಉತ್ತರಪತ್ರಿಕೆಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ತಿದ್ದಲು ಹೊರಟು ಫಲಿತಾಂಶ ತಿಂಗಳುಗಟ್ಟಲೆ ತಡವಾಗಿ, ಕೊನೆಗೆ ಕುಲಪತಿಯವರೇ ಹುದ್ದೆ ಕಳೆದುಕೊಂಡದ್ದು ಇಲ್ಲಿನ ಓದುಗರಿಗೆ ನೆನಪಿರಬೇಕು. ಆದರೆ ನಿಧಾನವಾದರೂ ಉತ್ತರ ಬರುತ್ತಿತ್ತು. ಆ ಉತ್ತರಕ್ಕೇ ಡಿಗ್ರಿ ಎಂದು ಹೆಸರು.

ಉತ್ತರ ಬರದಿದ್ದರೆ ಏನಾಗುತ್ತದೆ ಎಂದು ತಿಳಿಯಲು ನಮ್ಮ ನಾಡಿನದೇ ಒಂದು ಕಥೆ ಸಾಕು. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸರ್ಕಾರದ ಸಂಸ್ಥೆ, ನಕಲಿಯಲ್ಲ. ಆದರೆ ಅದು ತನ್ನ ವ್ಯಾಪ್ತಿಯಾದ ಕರ್ನಾಟಕವನ್ನು ದಾಟಿ, ಖಾಸಗಿಯವರ ಜೊತೆ ಒಪ್ಪಂದ ಮಾಡಿಕೊಂಡು ಹೊರರಾಜ್ಯಗಳಲ್ಲೂ ಕೋರ್ಸು ನಡೆಸಿತು. 2015ರ ಜೂನಿನಲ್ಲಿ ಯುಜಿಸಿ, 2013-14ರಿಂದ ಈಚಿನ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ಸಾರಿಬಿಟ್ಟಿತು. ಮತ್ತೆ ಮಾನ್ಯತೆ ದೊರೆತದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಫೀಸು ಕಟ್ಟಿ, ಪರೀಕ್ಷೆ ಬರೆದು, ಪಾಸಾದವರು ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದರು. ಓದಿದ್ದು ಸುಳ್ಳಲ್ಲ, ಬರೆದದ್ದು ಸುಳ್ಳಲ್ಲ. ಆದರೂ ಆ ಕಾಗದವನ್ನು ನನ್ನಂಥ ಗುಮಾಸ್ತ ಪಕ್ಕಕ್ಕೆ ಇಡಬೇಕಾಯಿತು. ಹೊರಗೆ ಕಾಯುತ್ತಿದ್ದವರಿಗೆ ಇದನ್ನು ವಿವರಿಸುವುದು ನನ್ನ ನೌಕರಿಯ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಇದು ನಿಜವಾದ ವಿಶ್ವವಿದ್ಯಾಲಯದ ಕಥೆ. ಇನ್ನು ಸುಳ್ಳು ವಿಶ್ವವಿದ್ಯಾಲಯಗಳದು ಬೇರೆ. ಯುಜಿಸಿ ನಕಲಿಗಳ ಪಟ್ಟಿಯನ್ನೇ ಪ್ರಕಟಿಸುತ್ತ ಬಂದಿದೆ. ಅದರಲ್ಲಿ ವರ್ಷಾನುವರ್ಷ ಕರ್ನಾಟಕದ ಹೆಸರಿನೆದುರು ನಿಂತದ್ದು ಗೋಕಾಕದ 'ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ'. ಮಹಾರಾಷ್ಟ್ರದ ಹೆಸರಿನೆದುರು ನಾಗಪುರದ 'ರಾಜಾ ಅರೇಬಿಕ್ ಯೂನಿವರ್ಸಿಟಿ'. ಹೆಸರಿನ ಉದ್ದ ನೋಡಿ! ಒಂದೇ ಹೆಸರಿನಲ್ಲಿ ಸರ್ಕಾರವೂ ಇದೆ, ಜಗತ್ತೂ ಇದೆ. ಹಿಂದೆ ಇಂಥವರು ಪತ್ರಿಕೆಯಲ್ಲಿ ಎರಡು ಸಾಲಿನ ಜಾಹೀರಾತು ಕೊಡುತ್ತಿದ್ದರು. ಈಗ ಅವರ ಸಂಬಂಧಿಕರೆಲ್ಲ ವಾಟ್ಸಾಪಿಗೆ ಬಂದಿದ್ದಾರೆ. 'ಒಂದೇ ಸಿಟ್ಟಿಂಗಿನಲ್ಲಿ ಡಿಗ್ರಿ, ಹಳೆಯ ಇಸವಿಯೂ ಸಿಗುತ್ತದೆ' ಎಂಬ ಸಂದೇಶ ನಮ್ಮ ಹೌಸಿಂಗ್ ಸೊಸೈಟಿಯ ಗುಂಪಿನಲ್ಲೇ ಒಮ್ಮೆ ಬಂದಿತ್ತು, ನೀರಿನ ಟ್ಯಾಂಕರು ಮತ್ತು ಗಣೇಶೋತ್ಸವದ ವಂತಿಗೆಯ ಸಂದೇಶಗಳ ನಡುವೆ. ಕಳುಹಿಸಿದವರು ಗೌರವಸ್ಥರೇ. ಅವರಿಗೂ ಯಾರೋ ಕಳುಹಿಸಿದ್ದು, ಓದದೆ ಮುಂದೆ ತಳ್ಳಿದ್ದು. ಗೊತ್ತಿರುವವರ ಕೈಯಿಂದ ಬಂದದ್ದು ಗೊತ್ತಿರುವ ಸಂಗತಿಯೇ ಆಗಿರಬೇಕು ಎಂಬ ನಂಬಿಕೆ ಇದೆಯಲ್ಲ, ಈ ಜಾಲತಾಣಗಳ ಇಡೀ ವ್ಯವಹಾರ ನಿಂತಿರುವುದು ಅದರ ಮೇಲೆ. ಅಲ್ಲಿ ರಿಜಿಸ್ಟರ್ ತೆಗೆದು ನೋಡುವವರು ಇಲ್ಲ.

ಜಾಲತಾಣ ಎಂದಾಕ್ಷಣ ನಮ್ಮ ಪಾಲಕರಿಗೆ ಮೊದಲು ಹುಟ್ಟುವ ಭಯ ಬೇರೆಯದು. ಮಗಳು ಏನು ಬರೆದುಬಿಡುತ್ತಾಳೋ, ಮಗ ಯಾವುದಕ್ಕೆ ಲೈಕ್ ಒತ್ತಿಬಿಡುತ್ತಾನೋ! ಈ ಭಯ ನಮ್ಮ ಜಿಲ್ಲೆಗೆ ಬಂದ ತಾರೀಖನ್ನೂ ಹೇಳಬಹುದು. 2012ರ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡು ಮುಂಬಯಿ ಸ್ತಬ್ಧವಾದಾಗ, ಆಗ ಠಾಣೆ ಜಿಲ್ಲೆಗೇ ಸೇರಿದ್ದ ಪಾಲ್ಘರಿನ ಯುವತಿಯೊಬ್ಬಳು ಈ ಬಂದ್ ಏಕೆ ಎಂಬರ್ಥದ ಮಾತನ್ನು ಫೇಸ್‌ಬುಕ್ಕಿನಲ್ಲಿ ಬರೆದಳು. ಇನ್ನೊಬ್ಬಳು ಅದನ್ನು ಲೈಕ್ ಮಾಡಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಗೆ ಗುಂಪೊಂದು ನುಗ್ಗಿ ಧ್ವಂಸ ಮಾಡಿತು. ಪ್ರಕರಣ ಕೊನೆಗೆ ಮುಚ್ಚಿಹೋಯಿತು. ಇದನ್ನು ಕಂಡು ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದ ಫಲವಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು 2015ರ ಮಾರ್ಚ್ 24ರಂದು ರದ್ದಾಯಿತು. ಆದರೆ ಭಯ ರದ್ದಾಗಲಿಲ್ಲ. ಅಂದಿನಿಂದ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಬುದ್ಧಿಮಾತು ಒಂದೇ: ರಾಜಕೀಯ ಬರೆಯಬೇಡ, ಬಾಯಿ ಮುಚ್ಚಿಕೊಂಡಿರು.

ನನಗೆ ಇದು ಗುರಿ ತಪ್ಪಿದ ಭಯ ಎನಿಸುತ್ತದೆ. ನಮ್ಮ ಹುಡುಗರು ಬರೆದು ಹಾಳಾದದ್ದಕ್ಕಿಂತ ಓದಿ ನಂಬಿ ಹಾಳಾದದ್ದೇ ಹೆಚ್ಚು. ಅದರಲ್ಲೂ ಡಿಗ್ರಿ ಮುಗಿದು ನೌಕರಿ ಸಿಗದ ಆ ಆರೆಂಟು ತಿಂಗಳು. ಮನೆಯಲ್ಲಿ ಎಲ್ಲರೂ "ಏನಾಯ್ತು?" ಎಂದು ಕೇಳುತ್ತಾರೆ, ಊರಿನಿಂದ ಫೋನು ಬಂದಾಗಲೂ ಅದೇ ಪ್ರಶ್ನೆ. ಆಗ ಟೆಲಿಗ್ರಾಮಿನಲ್ಲಿ ಯಾರೋ "ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ" ಎಂದರೆ ಯಾವ ಹುಡುಗ ತಾನೇ ಎದ್ದು ಕೂರುವುದಿಲ್ಲ?

ಇದಕ್ಕೆ ನಮ್ಮ ಹತ್ತಿರದ ಮೀರಾ ರೋಡಿನಲ್ಲೇ ದೊಡ್ಡ ಪಾಠವಾಗಿದೆ. 2016ರ ಅಕ್ಟೋಬರಿನಲ್ಲಿ ಠಾಣೆ ಪೊಲೀಸರು ಅಲ್ಲಿನ ಕಾಲ್ ಸೆಂಟರುಗಳ ಮೇಲೆ ರಾತ್ರಿ ದಾಳಿ ಮಾಡಿ 700ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಅಮೆರಿಕದ ಜನರಿಗೆ ಫೋನು ಮಾಡಿ, "ನಾವು ತೆರಿಗೆ ಇಲಾಖೆಯವರು, ಬಾಕಿ ಕಟ್ಟದಿದ್ದರೆ ಅರೆಸ್ಟ್" ಎಂದು ಹೆದರಿಸಿ ಹಣ ಕೀಳುವುದು ಅಲ್ಲಿನ ದಂಧೆ. ಫೋನಿನಲ್ಲಿ ಮಾತಾಡುತ್ತಿದ್ದವರು ನಮ್ಮ ನಿಮ್ಮ ಮನೆಗಳಲ್ಲಿರುವಂಥ ಹುಡುಗ ಹುಡುಗಿಯರೇ. ಕೇಳಿದ್ದು ಇಂಗ್ಲಿಷ್ ಬರುತ್ತದೆಯೇ ಎಂದಷ್ಟೇ. ಡಿಗ್ರಿ ಕೇಳದ ನೌಕರಿ ಅದು. ಡಿಗ್ರಿ ಬೇಡ ಎನ್ನುವ ನೌಕರಿಯೆಲ್ಲ ಮೋಸ ಎನ್ನುತ್ತಿಲ್ಲ, ನಾನೇ ಹೋಟೆಲಿನಿಂದ ಬಂದವನು. ಆದರೆ ನಿಮ್ಮ ಹಿಂದಿನದೇನನ್ನೂ ವಿಚಾರಿಸದೆ ಒಳಗೆ ಕರೆದುಕೊಳ್ಳುವವರ ಹಿಂದಿನದನ್ನು ನೀವಾದರೂ ವಿಚಾರಿಸಬೇಕಲ್ಲ.

ಈಗ ಬಂದಿರುವ ಬಲೆ ಇದಕ್ಕಿಂತ ಜಾಣತನದ್ದು. ಇದು ಡಿಗ್ರಿ ಕೇಳುತ್ತದೆ.

ನಮ್ಮ ಪರಿಚಯದ ಒಬ್ಬರು ಕಾಪೂರ್‌ಬಾವ್ಡಿಯ ಹತ್ತಿರ ಹೋಟೆಲೊಂದರಲ್ಲಿ ಕ್ಯಾಪ್ಟನ್. ಅವರ ಮಗ ಬಿ.ಕಾಂ. ಆ ಮನೆತನದಲ್ಲಿ ಮೊದಲ ಪದವೀಧರ. 2024ರ ಮಳೆಗಾಲದಲ್ಲಿ ಒಂದು ಭಾನುವಾರ ತಂದೆ ಮಗ ಇಬ್ಬರೂ ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದರು. ಹುಡುಗನಿಗೆ ಬ್ಯಾಂಕಾಕಿನಲ್ಲಿ 'ಡಿಜಿಟಲ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್' ಕೆಲಸ ಆಗಿದೆ, ತಿಂಗಳಿಗೆ ಎಂಬತ್ತು ಸಾವಿರ, ಊಟ ವಸತಿ ಅವರದೇ. ಸಂದರ್ಶನ ಟೆಲಿಗ್ರಾಮಿನಲ್ಲಿ, ಹದಿನೈದು ನಿಮಿಷ. ಡಿಗ್ರಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರ ಫೋಟೋ ಆಗಲೇ ಕಳುಹಿಸಿಯಾಗಿದೆ. 'ಪ್ರೊಸೆಸಿಂಗ್' ಎಂದು ಹನ್ನೆರಡು ಸಾವಿರವೂ ಹೋಗಿದೆ. ಸದ್ಯಕ್ಕೆ ಟೂರಿಸ್ಟ್ ಆಗಿ ಬನ್ನಿ, ಕೆಲಸದ ಪರ್ಮಿಟ್ ಇಲ್ಲಿ ಬಂದ ಮೇಲೆ ಎಂದಿದ್ದಾರೆ. ನನ್ನ ಹತ್ತಿರ ಬಂದದ್ದು ಸಲಹೆ ಕೇಳಲು ಅಲ್ಲ, ಆಫರ್ ಲೆಟರನ್ನು ಓದಿ ಹೇಳಲು.

ಆ ಹುದ್ದೆಯ ಹೆಸರು ಓದಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. 2022ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಹೊರಡಿಸಿದ ಎಚ್ಚರಿಕೆಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಇದೇ ಹೆಸರು. ಥಾಯ್ಲೆಂಡಿನಲ್ಲಿ ಕೆಲಸವೆಂದು ಜಾಲತಾಣಗಳ ಜಾಹೀರಾತಿನ ಮೂಲಕ ಕಂಪ್ಯೂಟರ್ ಬಲ್ಲ ಯುವಕರನ್ನು ಕರೆಸಿ, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ಯುತ್ತಾರೆ. ನದಿಯಾಚೆಯ ಮ್ಯಾವಾಡಿ ಎಂಬ ಊರಿನ ಬೇಲಿ ಹಾಕಿದ ಕಾಂಪೌಂಡುಗಳಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಬೇರೆಯವರಿಗೆ ಆನ್‌ಲೈನಿನಲ್ಲಿ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಾರೆ. ಮುಂದೆ 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ ಅಂಥ 549 ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ಕರೆತಂದವು.

ಇಲ್ಲಿ ನಮ್ಮ ಕರಾವಳಿಯ ಜನರಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹೇಳಬೇಕು. ಗಲ್ಫಿಗೆ ಹೋಗುವವರ ಬಾಯಲ್ಲಿ ಕೇಳುವ 'ಇಸಿಆರ್', 'ಇಸಿಎನ್‌ಆರ್' ನೆನಪಿದೆಯೇ? ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು 18 ದೇಶಗಳಿಗೆ ದುಡಿಯಲು ಹೋಗುವ ಮುನ್ನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಸರ್ಕಾರಿ ಅಧಿಕಾರಿಯ ಅನುಮತಿ ಪಡೆಯಬೇಕು. ಕೆಲಸ ಕೊಡುವವರು ಯಾರು, ಕರಾರು ಏನು ಎಂದು ಅಲ್ಲಿ ನೋಡುತ್ತಾರೆ. ಆ 18 ದೇಶಗಳಲ್ಲಿ ಸೌದಿ, ಕುವೈತ್, ಕತಾರ್ ಜೊತೆಗೆ ಥಾಯ್ಲೆಂಡ್ ಕೂಡ ಇದೆ. ಓದಿದವರಿಗೆ ಈ ತಪಾಸಣೆ ಇಲ್ಲ. ಓದಿದವರು ತಮ್ಮನ್ನು ತಾವು ನೋಡಿಕೊಳ್ಳಬಲ್ಲರು ಎಂಬ ಭರವಸೆ ಆ ನಿಯಮದಲ್ಲಿದೆ. ಅಂದರೆ ಹೋಟೆಲ್ ಕ್ಯಾಪ್ಟನ್ ಆದ ತಂದೆ, ಎಂಟನೇ ತರಗತಿಯವರು, ಬ್ಯಾಂಕಾಕಿಗೆ ಕೆಲಸಕ್ಕೆಂದು ಹೊರಟಿದ್ದರೆ ಸರ್ಕಾರ ತಡೆದು ಒಂದು ಮಾತು ಕೇಳುತ್ತಿತ್ತು. ಬಿ.ಕಾಂ. ಮಗನನ್ನು ಯಾರೂ ಕೇಳುವಂತಿಲ್ಲ. ಮೂವತ್ತು ವರ್ಷ ಡಿಗ್ರಿ ನೋಡಿದ ನನಗೂ ಅದರ ಈ ಮಗ್ಗುಲು ಹೊಳೆದದ್ದು ಅವತ್ತೇ.

ನಾನು ಅವರಿಗೆ ಬೇಡ ಎನ್ನಲಿಲ್ಲ. ಹಾಗೆಂದರೆ ಹೊಟ್ಟೆಕಿಚ್ಚು ಎಂದುಕೊಳ್ಳುವವರೇ ಹೆಚ್ಚು. ನನ್ನ ಹಳೆಯ ಕೆಲಸವನ್ನೇ ಮಾಡಿದೆ. ಭಾರತದಿಂದ ವಿದೇಶಕ್ಕೆ ಜನ ಕಳುಹಿಸುವ ಏಜೆಂಟ್ 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ಹಾಕಿದರೆ ನೋಂದಣಿ ಇದೆಯೋ ಇಲ್ಲವೋ ತಿಳಿಯುತ್ತದೆ. ಇವರದು ಇರಲಿಲ್ಲ. "ನಿಮ್ಮ ನೋಂದಣಿ ಸಂಖ್ಯೆ ಕೊಡಿ, ಬ್ಯಾಂಕಾಕಿನ ಆಫೀಸಿನ ವಿಳಾಸ ಕೊಡಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಬರೆದು ವಿಚಾರಿಸುತ್ತೇವೆ" ಎಂದು ಹುಡುಗನಿಂದಲೇ ಟೆಲಿಗ್ರಾಮಿನಲ್ಲಿ ಕೇಳಿಸಿದೆ. ನಾವು ಚಹಾ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು: ಇಷ್ಟು ಅನುಮಾನವಿದ್ದರೆ ನಿಮ್ಮ ಸೀಟು ಬೇರೆಯವರಿಗೆ ಕೊಡುತ್ತೇವೆ. ಹುಡುಗ ಇನ್ನೊಮ್ಮೆ ಕೇಳಿದ. ಅವನನ್ನು ಗುಂಪಿನಿಂದಲೇ ತೆಗೆದುಹಾಕಿದರು. ನಾಲ್ಕು ತಿಂಗಳ ಪರಿಚಯ, ನೂರಾರು ಸಂದೇಶಗಳು, ಎಲ್ಲ ಮಾಯ.

ತಂದೆಯ ಮುಖ ನೋಡಲಾಗಲಿಲ್ಲ. ಹೋಟೆಲಿನಲ್ಲೆಲ್ಲ ಪೇಡೆ ಹಂಚಿಯಾಗಿತ್ತು. ಆಮೇಲೆ ಅವರು ಅನೇಕ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ವಿಮಾನದಿಂದ ಇಳಿದ ಹುಡುಗರನ್ನು ಟಿವಿಯಲ್ಲಿ ತೋರಿಸಿದ ಮೇಲೂ "ಎಲ್ಲರಿಗೂ ಹಾಗೇ ಆಗಬೇಕೆಂದಿಲ್ಲ" ಎಂದರಂತೆ. ನನಗೆ ಬೇಸರವಿಲ್ಲ. ಎಂಬತ್ತು ಸಾವಿರ ಎಂದರೆ ಅವರ ಮೂರು ತಿಂಗಳ ಪಗಾರ.

ವಿದೇಶದ ಆಸೆ ಇಲ್ಲದವರಿಗೂ ಟೆಲಿಗ್ರಾಮಿನಲ್ಲಿ ಗಾಳ ಇದೆ. ಯೂಟ್ಯೂಬ್ ವಿಡಿಯೋಗೆ ಲೈಕ್ ಒತ್ತಿದರೆ ಐವತ್ತು ರೂಪಾಯಿ ಎಂದು ಶುರು. ಮೊದಲ ದಿನ ಹಣ ನಿಜವಾಗಿಯೂ ಬರುತ್ತದೆ, ಆಮೇಲೆ 'ವಿಐಪಿ ಟಾಸ್ಕ್' ಎಂದು ನಮ್ಮಿಂದಲೇ ಕಟ್ಟಿಸಿಕೊಳ್ಳುತ್ತಾರೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ನೂರಕ್ಕೂ ಹೆಚ್ಚು ತಾಣಗಳನ್ನು ಮುಚ್ಚಿಸಿತು. ಮರುದಿನ ಬೇರೆ ಹೆಸರಿನಲ್ಲಿ ತೆರೆಯಲು ಎಷ್ಟು ಹೊತ್ತು ಬೇಕು! ಹಣ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ. ಮನೆಯಲ್ಲಿ ಬೈಯುತ್ತಾರೆಂದು ಹುಡುಗರು ಮುಚ್ಚಿಡುವುದು ಈ ಮೊದಲ ಕೆಲವು ಗಂಟೆಗಳನ್ನೇ. ಪಾಲಕರೇ, ಬೈಯುವುದಿದ್ದರೆ ಫೋನು ಮಾಡಿದ ಮೇಲೆ ಬೈಯಿರಿ.

ಇನ್ನು ಸರ್ಟಿಫಿಕೇಟಿನ ಫೋಟೋ. ಡಿಜಿಲಾಕರ್ ಬಂದ ಮೇಲೆ ಅನೇಕ ವಿಶ್ವವಿದ್ಯಾಲಯಗಳ ಪದವಿಪತ್ರ ಅದರಲ್ಲೇ ಸಿಗುತ್ತದೆ, ಯುಜಿಸಿಯೂ ಅದನ್ನು ಒಪ್ಪುತ್ತದೆ. ಕೆಲಸ ಕೊಡುವ ನಿಜವಾದ ಕಂಪನಿ ಅಲ್ಲಿಂದ ಪರಿಶೀಲಿಸಬಹುದು. ಟೆಲಿಗ್ರಾಮಿಗೆ ಆಧಾರ್ ಸಮೇತ ಎಲ್ಲದರ ಫೋಟೋ ಕೇಳುವವರಿಗೆ ಬೇಕಾಗಿರುವುದು ನಿಮ್ಮ ಬಿ.ಕಾಂ. ಅಲ್ಲ.

ಆ ಹುಡುಗನಿಗೆ ಈಗ ಭಿವಂಡಿಯ ಒಂದು ಗೋದಾಮಿನಲ್ಲಿ ಲೆಕ್ಕಪತ್ರದ ಕೆಲಸ. ಇಪ್ಪತ್ತೆರಡು ಸಾವಿರ. ಸೇರುವ ಮುಂಚೆ ಅವನ ಡಿಗ್ರಿಯನ್ನು ಪರಿಶೀಲನೆಗೆ ಕಳುಹಿಸಿದ್ದರು, ಉತ್ತರಕ್ಕೆ ಐದು ವಾರ ಹಿಡಿಯಿತು. ನನಗೆ ಆ ಕಂಪನಿಯ ಮೇಲೆ ನಂಬಿಕೆ ಬಂದದ್ದು ಆಗಲೇ. ಆದರೆ ಕಳೆದ ಚಳಿಗಾಲದಲ್ಲಿ ಅವನಿಗೆ ಒಂದು ಫೋನು ಬಂತು. ತಾನು ತೆಗೆದುಕೊಳ್ಳದ ಸಾಲದ ಕಂತು ಕಟ್ಟಬೇಕಂತೆ. ಸಿಬಿಲ್ ವರದಿ ತೆಗೆಸಿ ನೋಡಿದರೆ ಅವನ ಹೆಸರಿನಲ್ಲಿ ಎರಡು ಆ್ಯಪ್ ಸಾಲ. ತಂದೆ ಈ ಸಲ ತಾವಾಗಿಯೇ ನನಗೆ ಫೋನು ಮಾಡಿದರು. ಸೈಬರ್ ಕ್ರೈಂ ಪೋರ್ಟಲಿನಲ್ಲಿ ದೂರು ಹಾಕಿದ್ದೇವೆ, ಸಾಲ ಕೊಟ್ಟ ಎರಡೂ ಕಡೆಗೆ ಬರೆದಿದ್ದೇವೆ. ಒಬ್ಬರು ಒಪ್ಪಿಕೊಂಡು ಹೆಸರು ತೆಗೆದರು. ಇನ್ನೊಬ್ಬರು ಸಹಿ ಹೊಂದುತ್ತದೆ ಎನ್ನುತ್ತಾರೆ. ಅವನ ಸಹಿ ಪಾಸ್‌ಪೋರ್ಟಿನ ಫೋಟೋದಲ್ಲಿ ಇತ್ತಲ್ಲ. ಗುರುವಾರ ಅವನಿಗೆ ರಜೆ. ಅವತ್ತು ಮತ್ತೆ ಪೊಲೀಸ್ ಠಾಣೆಗೆ ಹೋಗಬೇಕು.